ಗೆದ್ದೆತ್ತಿನ ಬಾಲಕ್ಕೆ ಎಷ್ಟು ಕೈ?

2023ರ ಜನವರಿ 1ರಂದು ಕ್ರೊಯೇಷಿಯಾ ತನ್ನ ಹಳೆಯ ಹಣ ಬಿಟ್ಟು ಯೂರೋಗೆ ಸೇರಿತು. ಯೂರೋ ನಾಣ್ಯದ ಒಂದು ಮುಖ ಎಲ್ಲ ದೇಶಗಳಿಗೂ ಒಂದೇ. ಇನ್ನೊಂದು ಮುಖಕ್ಕೆ ಆಯಾ ದೇಶ ತನಗೆ ಬೇಕಾದ ಚಿತ್ರ ಹಾಕಿಕೊಳ್ಳಬಹುದು. ಕ್ರೊಯೇಷಿಯಾ 10, 20 ಮತ್ತು 50 ಸೆಂಟ್ ನಾಣ್ಯಗಳ ಮೇಲೆ ನಿಕೋಲಾ ಟೆಸ್ಲಾ ಅವರ ಮುಖ ಹಾಕಿತು. ಈ ಯೋಚನೆ ಹೊರಬಿದ್ದಾಗಲೇ ಪಕ್ಕದ ಸರ್ಬಿಯಾದ ಕೇಂದ್ರ ಬ್ಯಾಂಕ್ ತಕರಾರು ತೆಗೆದಿತ್ತು. ಅಲ್ಲಿಯ ಜನಕ್ಕೆ ಟೆಸ್ಲಾ ತಮ್ಮವರು. ಅವರ 100 ದಿನಾರ್ ನೋಟಿನ ಮೇಲೆ ಟೆಸ್ಲಾ ಇದ್ದಾರೆ, ಬೆಲ್‌ಗ್ರೇಡ್ ವಿಮಾನ ನಿಲ್ದಾಣಕ್ಕೂ ಅವರದೇ ಹೆಸರು.

ಟೆಸ್ಲಾ ಹುಟ್ಟಿದ್ದು 1856ರಲ್ಲಿ, ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ. ಆ ಹಳ್ಳಿ ಈಗ ಕ್ರೊಯೇಷಿಯಾದಲ್ಲಿದೆ. ತಂದೆ ತಾಯಿ ಸರ್ಬ್ ಜನ, ತಂದೆ ಸರ್ಬಿಯನ್ ಆರ್ಥೊಡಾಕ್ಸ್ ಚರ್ಚಿನ ಪಾದ್ರಿ. ಆಗ ಆ ಜಾಗ ಇದ್ದದ್ದು ಆಸ್ಟ್ರಿಯಾ ಸಾಮ್ರಾಜ್ಯದ ಕೈಯಲ್ಲಿ. ಎಸಿ ಕರೆಂಟ್ ಮನೆಮನೆಗೆ ತಲುಪಲು ಕಾರಣವಾದ ಅವರ ದೊಡ್ಡ ಕೆಲಸ ನಡೆದದ್ದು ಅಮೆರಿಕದಲ್ಲಿ. 1891ರಲ್ಲಿ ಅವರು ಅಲ್ಲಿಯ ಪ್ರಜೆಯೂ ಆದರು. ಕ್ರೊಯೇಷಿಯಾ ಹೇಳುವುದರಲ್ಲಿ ಸುಳ್ಳಿಲ್ಲ, ಸರ್ಬಿಯಾ ಹೇಳುವುದರಲ್ಲೂ ಸುಳ್ಳಿಲ್ಲ. ಇಬ್ಬರೂ ನಿಜವನ್ನೇ ಹೇಳುತ್ತಿರುವುದರಿಂದಲೇ ಈ ಜಗಳ ಮುಗಿಯುವುದಿಲ್ಲ.

ನಮ್ಮಲ್ಲೇನು ಕಮ್ಮಿಯಾ? ಆಗಸ್ಟ್ 15 ಹತ್ತಿರ ಬಂತು ಅಂದರೆ ವಾಟ್ಸಾಪಿನಲ್ಲಿ ಒಂದು ಪಟ್ಟಿ ಓಡಾಡುತ್ತದೆ. ರೇಡಿಯೋ ನಮ್ಮದು, ವಿಮಾನ ನಮ್ಮದು, ಯುಎಸ್‌ಬಿ ನಮ್ಮದು, ರಾಕೆಟ್ ನಮ್ಮದು. ಬಿಳಿಯರು ಕದ್ದರು, ಇಲ್ಲವೇ ಮುಚ್ಚಿಟ್ಟರು. ಇದನ್ನು ನೋಡಿ ಒಂದು ಗುಂಪು ಎದೆ ಉಬ್ಬಿಸುತ್ತದೆ, ಇನ್ನೊಂದು ಗುಂಪು ನಕ್ಕು ಡಿಲೀಟ್ ಮಾಡುತ್ತದೆ. ನನ್ನ ತಕರಾರು ಇಬ್ಬರ ಮೇಲೂ ಇದೆ. ಆ ಪಟ್ಟಿಯಲ್ಲಿ ಒಂದು ಪೂರ್ತಿ ಬುರುಡೆ, ಒಂದು ಅರ್ಧ ನಿಜ, ಒಂದಂತೂ ನಾವು ಹೇಳಿಕೊಳ್ಳುವುದಕ್ಕಿಂತ ದೊಡ್ಡ ನಿಜ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದರೆ ಒಳ್ಳೆಯದೂ ಕೆಟ್ಟದ್ದರ ಜೊತೆಗೇ ಕಸಕ್ಕೆ ಹೋಗುತ್ತದೆ.

ರೇಡಿಯೋದಿಂದಲೇ ಶುರು ಮಾಡೋಣ. ಇದರಷ್ಟು ವಾರಸುದಾರರು ಬೇರೆ ಯಾವ ಸಾಮಾನಿಗೂ ಇಲ್ಲ.

ರಷ್ಯಾದಲ್ಲಿ ಮೇ 7 ರೇಡಿಯೋ ದಿನ. 1895ರ ಅದೇ ದಿನ ಅಲೆಕ್ಸಾಂಡರ್ ಪೊಪೊವ್ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ತಮ್ಮ ಯಂತ್ರ ತೋರಿಸಿದ್ದರು. ಇಟಲಿಯ ಬೊಲೋನ್ಯಾ ವಿಮಾನ ನಿಲ್ದಾಣಕ್ಕೆ ಗುಲಿಯೆಲ್ಮೊ ಮಾರ್ಕೋನಿ ಹೆಸರಿದೆ. ನಮ್ಮವರು ಜಗದೀಶ್ ಚಂದ್ರ ಬೋಸ್ ಎನ್ನುತ್ತಾರೆ. ಟೆಸ್ಲಾ ಅಭಿಮಾನಿಗಳು 1943ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ತೋರಿಸುತ್ತಾರೆ.

ಇವರೆಲ್ಲರಿಗೂ ಹಿಂದೆ ಇನ್ನೊಂದು ಸಾಲು ನಿಂತಿದೆ. ರೇಡಿಯೋ ನಡೆಯುವುದು ಕಣ್ಣಿಗೆ ಕಾಣದ ವಿದ್ಯುತ್ಕಾಂತ ಅಲೆಗಳ ಮೇಲೆ. ಇಂಥ ಅಲೆಗಳು ಇರಲೇಬೇಕು ಎಂದು ಲೆಕ್ಕದಲ್ಲಿ ತೋರಿಸಿದ್ದು ಸ್ಕಾಟ್ಲೆಂಡಿನ ಮ್ಯಾಕ್ಸ್‌ವೆಲ್, 1860ರ ದಶಕದಲ್ಲಿ. ಅವು ನಿಜವಾಗಿ ಇವೆ ಎಂದು 1880ರ ದಶಕದ ಕೊನೆಗೆ ಪ್ರಯೋಗದಲ್ಲಿ ತೋರಿಸಿದ್ದು ಜರ್ಮನಿಯ ಹರ್ಟ್ಸ್. ಅಲೆ ಬಂದದ್ದು ಗೊತ್ತಾಗಲು ಒಂದು ಉಪಕರಣ ಬೇಕಲ್ಲ? ಅದಕ್ಕೆ ದಾರಿ ಮಾಡಿದ್ದು ಫ್ರಾನ್ಸಿನ ಬ್ರಾನ್ಲಿ. ಒಂದು ಗಾಜಿನ ನಳಿಗೆ, ಅದರೊಳಗೆ ಲೋಹದ ಪುಡಿ. ಸುಮ್ನೆ ಇದ್ದಾಗ ಆ ಪುಡಿಯಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಅಲೆ ತಾಗಿದ ಕೂಡಲೇ ಪುಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ಕರೆಂಟಿಗೆ ದಾರಿ ಬಿಡುತ್ತವೆ. ಇದಕ್ಕೆ ಕೊಹೆರರ್ ಎಂದು ಹೆಸರಿಟ್ಟು, 1894ರಲ್ಲಿ ಜನರ ಮುಂದೆ ಬಳಸಿ ತೋರಿಸಿದ್ದು ಇಂಗ್ಲೆಂಡಿನ ಆಲಿವರ್ ಲಾಜ್.

ಇದರಲ್ಲೊಂದು ಕಿರಿಕಿರಿ ಇತ್ತು. ಒಮ್ಮೆ ಅಂಟಿದ ಪುಡಿ ಅಂಟಿಕೊಂಡೇ ಇರುತ್ತಿತ್ತು. ಮುಂದಿನ ಅಲೆ ಹಿಡಿಯಬೇಕಾದರೆ ನಳಿಗೆಯನ್ನು ತಟ್ಟಿ ಪುಡಿ ಬಿಡಿಸಬೇಕು. ಪೊಪೊವ್, ಅಲೆ ಬಂದಾಗ ಬಾರಿಸುವ ಬೆಲ್ಲಿನ ಸುತ್ತಿಗೆಯೇ ಆ ನಳಿಗೆಯನ್ನೂ ತಟ್ಟುವ ಹಾಗೆ ಮಾಡಿದರು. ಬೋಸ್ ಇನ್ನೂ ಮುಂದೆ ಹೋಗಿ, ತಟ್ಟುವ ಕೆಲಸವೇ ಬೇಡ ಎನ್ನುವಂಥದ್ದನ್ನು ಮಾಡಿದರು. ಕಬ್ಬಿಣ, ಪಾದರಸ, ನಡುವೆ ತೆಳ್ಳಗೆ ಎಣ್ಣೆಯ ಪದರ. ಅಲೆ ಹೋದ ಮೇಲೆ ತಾನೇ ಮೊದಲಿನ ಸ್ಥಿತಿಗೆ ಬರುವ ಕೊಹೆರರ್ ಅದು. 1899ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಇದರ ಬಗ್ಗೆ ಪ್ರಬಂಧವನ್ನೇ ಕೊಟ್ಟರು.

ಬೋಸ್ ಕೆಲಸ ಮಾಡಿದ ರೀತಿ ನೋಡಬೇಕು. ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಒಂದು ಪುಟ್ಟ ಜಾಗ, ಸಹಾಯಕ್ಕೆ ಒಬ್ಬ ತಗಡು ಕೆಲಸದವ. ಆತನಿಗೆ ಇಂಥ ಯಂತ್ರದ ತರಬೇತಿ ಇರಲಿಲ್ಲ. ಅಲೆಗಳ ದಿಕ್ಕನ್ನು ಜರಡಿ ಹಿಡಿಯಲು ಬೇಕಾದ ಪೋಲರೈಸರ್‌ಗೆ ಬೋಸ್ ಬಳಸಿದ ವಸ್ತು ಏನು ಗೊತ್ತಾ? ಬ್ರಾಡ್‌ಶಾ ರೈಲ್ವೆ ಟೈಮ್‌ಟೇಬಲ್ ಪುಸ್ತಕ. ಹಾಳೆಗಳ ನಡುವೆ ತವರದ ತಗಡು ಸೇರಿಸಿದರು, ಅಷ್ಟೇ. ಇಂಥ ಸಾಮಾನಿನಲ್ಲಿ ಅವರು 5 ಮಿಲಿಮೀಟರ್‌ನಷ್ಟು ಚಿಕ್ಕ ಅಲೆಗಳನ್ನು ಹುಟ್ಟಿಸಿ, ಹಿಡಿದು, ಅಳೆದರು. 1894–95ರ ಹೊತ್ತಿಗೆ ಕಲ್ಕತ್ತಾದಲ್ಲಿ ಜನರ ಮುಂದೆ ಗೋಡೆ ದಾಟಿ ಅಲೆ ಕಳಿಸಿ ಬೆಲ್ ಬಾರಿಸಿದರು, ಮದ್ದಿನ ಪುಡಿ ಸಿಡಿಸಿದರು.

ಹಾಗಾದರೆ ರೇಡಿಯೋ ಬೋಸರದ್ದೇ ಅಲ್ವಾ? ಇಲ್ಲಿ ನಿಲ್ಲಬೇಕು. ಬೋಸ್ ಸಂದೇಶ ಕಳಿಸಲು ಹೊರಟಿರಲಿಲ್ಲ. ಬೆಳಕು ಮಾಡುವುದನ್ನೆಲ್ಲ ಈ ಅಲೆಗಳೂ ಮಾಡುತ್ತವಾ, ಬಾಗುತ್ತವಾ, ಪುಟಿಯುತ್ತವಾ ಎನ್ನುವುದು ಅವರ ಪ್ರಶ್ನೆ. ಮಾರ್ಕೋನಿಗೆ ಬೇಕಾದದ್ದು ತಂತಿಯಿಲ್ಲದೆ ಟೆಲಿಗ್ರಾಂ ಕಳಿಸುವುದು. 1896ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಅರ್ಜಿ ಹಾಕಿದರು, ಮರುವರ್ಷ ಕಂಪನಿ ಕಟ್ಟಿದರು. 1901ರ ಡಿಸೆಂಬರ್ 12ರಂದು ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಹೊರಟ ‘ಎಸ್’ ಅಕ್ಷರದ ಸಂಕೇತವನ್ನು ಅಟ್ಲಾಂಟಿಕ್ ಆಚೆ ನ್ಯೂಫೌಂಡ್‌ಲೆಂಡ್‌ನಲ್ಲಿ ಕೇಳಿಸಿಕೊಂಡೆ ಎಂದರು.

ಅಂದು ಕಿವಿಗೆ ಹಿಡಿದ ಉಪಕರಣಕ್ಕೆ ಜೋಡಿಸಿದ್ದದ್ದು ಪಾದರಸದ ಕೊಹೆರರ್. ಅದು ಮಾರ್ಕೋನಿ ಕೈಗೆ ಬಂದದ್ದು ಇಟಲಿ ನೌಕಾಪಡೆಯ ಗೆಳೆಯನಿಂದ. ಅದಕ್ಕೂ ಬೋಸ್ 1899ರಲ್ಲಿ ಪ್ರಕಟಿಸಿದ್ದಕ್ಕೂ ಇರುವ ಹೋಲಿಕೆಯನ್ನು ಎಂಜಿನಿಯರ್ ಪ್ರೊಬೀರ್ ಬಂದ್ಯೋಪಾಧ್ಯಾಯ 1998ರಲ್ಲಿ ದಾಖಲೆ ಇಟ್ಟು ತೋರಿಸಿದರು. ಇದು ಗಟ್ಟಿ ವಾದ. ಆದರೆ ‘ಆ ಬಿಡಿಭಾಗದ ಮೂಲ ಬೋಸ್’ ಎನ್ನುವುದು ಬೇರೆ, ‘ರೇಡಿಯೋವನ್ನೇ ಕದ್ದರು’ ಎನ್ನುವುದು ಬೇರೆ. ಫಾರ್ವರ್ಡ್ ಆಗುವುದು ಎರಡನೆಯದು.

ಟೆಸ್ಲಾ ಕಡೆಯವರದ್ದೂ ಇದೇ ಪಾಡು. ಮೊದಲ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ತನ್ನ ಪೇಟೆಂಟ್ ಬಳಸಿದೆ, ದುಡ್ಡು ಕೊಡಲಿ ಎಂದು ಮಾರ್ಕೋನಿ ಕಂಪನಿ ಕೇಸು ಹಾಕಿತ್ತು. ಟೆಸ್ಲಾ ತೀರಿಕೊಂಡ ಐದು ತಿಂಗಳಿಗೆ, 1943ರ ಜೂನ್‌ನಲ್ಲಿ ತೀರ್ಪು ಬಂತು. ಟ್ಯೂನಿಂಗ್ ಬಗೆಗಿನ ಮಾರ್ಕೋನಿಯ ಒಂದು ಪೇಟೆಂಟಿನ ಮುಖ್ಯ ಅಂಶಗಳು ಲಾಜ್, ಟೆಸ್ಲಾ ಮತ್ತು ಜಾನ್ ಸ್ಟೋನ್ ಅವರ ಕೆಲಸದಲ್ಲಿ ಮೊದಲೇ ಇದ್ದವು, ಹಾಗಾಗಿ ಅವು ನಿಲ್ಲುವುದಿಲ್ಲ ಎಂದಿತು ಕೋರ್ಟ್. ರೇಡಿಯೋ ಸಂದೇಶವನ್ನು ಮೊದಲು ಯಶಸ್ವಿಯಾಗಿ ಕಳಿಸಿದ ಕೀರ್ತಿ ಮಾರ್ಕೋನಿಯದು, ಅದು ಇಲ್ಲಿ ಪ್ರಶ್ನೆಯೇ ಅಲ್ಲ ಎಂದೂ ಅದೇ ತೀರ್ಪಿನಲ್ಲಿ ಇದೆ. ಆ ಸಾಲನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಇಷ್ಟು ಸಾಲದು ಎಂಬಂತೆ, ಅಲೆಯ ಮೇಲೆ ಮನುಷ್ಯನ ಮಾತನ್ನೇ ಕಳಿಸಿದ್ದು ಕೆನಡಾದಲ್ಲಿ ಹುಟ್ಟಿದ ಫೆಸೆಂಡನ್, 1900ರಲ್ಲಿ. ನಮ್ಮ ಅಜ್ಜಿಯರು ಆಕಾಶವಾಣಿಯ ಪ್ರದೇಶ ಸಮಾಚಾರ ಕೇಳುತ್ತಿದ್ದ ಪೆಟ್ಟಿಗೆಗೆ ಮಾರ್ಕೋನಿಗಿಂತ ಈತನೇ ಹತ್ತಿರದ ನೆಂಟ.

ಒಟ್ಟು ಕಥೆ ಇಷ್ಟು. ಅಲೆ ತೋರಿಸಿದ್ದೇ ರೇಡಿಯೋ ಅಂದರೆ ಜರ್ಮನಿ ಗೆದ್ದಿತು. ಅಲೆ ಹಿಡಿದು ಬೆಲ್ ಬಾರಿಸಿದ್ದು ಅಂದರೆ ರಷ್ಯಾ ಇದೆ, ಭಾರತ ಇದೆ, ಇಂಗ್ಲೆಂಡ್ ಇದೆ. ಸಂದೇಶ ಅಂದರೆ ಇಟಲಿ. ಮಾತು ಅಂದರೆ ಕೆನಡಾ. ಪ್ರತಿ ದೇಶವೂ ಓಟ ಮುಗಿದ ಮೇಲೆ ತನ್ನ ಓಟಗಾರನ ಕಾಲ ಬುಡದಲ್ಲಿ ಗೆರೆ ಎಳೆದು ‘ನಮ್ಮವನೇ ಫಸ್ಟ್’ ಎನ್ನುತ್ತದೆ. ಓಡಿದ್ದು ಸುಳ್ಳಲ್ಲ, ಗೆರೆ ಮಾತ್ರ ಆಮೇಲೆ ಬಂದದ್ದು.

ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಮಾರ್ಕೋನಿಯ ಕುರ್ಚಿ ಕಿತ್ತು ಬೋಸರಿಗೆ ಕೊಡಿ ಎಂಬ ಗದ್ದಲದಲ್ಲಿ ಬೋಸರ ಸ್ವಂತ ಕುರ್ಚಿಯನ್ನೇ ಮರೆತಿದ್ದೇವೆ. ಅವರು ಆಡಿದ್ದು ಮಿಲಿಮೀಟರ್ ಅಲೆಗಳ ಜೊತೆ. ದೂರ ಹೋಗದ ಈ ಅಲೆ ಆಗಿನ ಟೆಲಿಗ್ರಾಫ್ ಕಂಪನಿಗಳಿಗೆ ಬೇಕಾಗಿರಲಿಲ್ಲ. ಈಗ ಬೇಕಾಗಿದೆ. 2022ರ 5ಜಿ ಹರಾಜಿನಲ್ಲಿ ನಮ್ಮ ಸರ್ಕಾರ ಮಾರಿದ 26 ಗಿಗಾಹರ್ಟ್ಸ್ ತರಂಗ ಈ ಮನೆತನದ್ದೇ. ಅಲ್ಲಿ ಬೋಸರಿಗೆ ಎದುರಾಳಿ ಇಲ್ಲ, ಯಾರ ಕೈಯಿಂದಲೂ ಕಿತ್ತುಕೊಳ್ಳಬೇಕಾಗಿಲ್ಲ. ಎಂಜಿನಿಯರ್‌ಗಳ ಜಾಗತಿಕ ಸಂಸ್ಥೆ ಐಇಇಇ 2012ರಲ್ಲಿ ಅವರ ಮಿಲಿಮೀಟರ್ ಅಲೆಗಳ ಪ್ರಯೋಗಕ್ಕೆ ಮೈಲಿಗಲ್ಲು ಎಂದು ಗೌರವ ಕೊಟ್ಟಿತು. ಅದೇ ಸಂಸ್ಥೆ 2005ರಲ್ಲಿ ಪೊಪೊವ್ ಅವರ ಕೆಲಸಕ್ಕೂ ಕೊಟ್ಟಿತ್ತು. ಒಬ್ಬರಿಗೆ ಕೊಡಲು ಇನ್ನೊಬ್ಬರಿಂದ ಕಿತ್ತುಕೊಳ್ಳಲಿಲ್ಲ, ನೋಡಿ.

ಇನ್ನು ಪೇಟೆಂಟ್. ಬೋಸರಿಗೆ ಅದು ಇಷ್ಟವೇ ಇರಲಿಲ್ಲ. ಸೋದರಿ ನಿವೇದಿತಾ ಮತ್ತು ಅಮೆರಿಕದ ಸಾರಾ ಬುಲ್ ದುಂಬಾಲು ಬಿದ್ದ ಮೇಲೆ ಒಂದಕ್ಕೆ ಅರ್ಜಿ ಹಾಕಿದರು. 1904ರಲ್ಲಿ ಅಮೆರಿಕದಲ್ಲಿ ಅದು ಮಂಜೂರಾಯಿತು. ಅದರಿಂದಲೂ ಅವರು ದುಡ್ಡು ಮಾಡಲಿಲ್ಲ, ಅದರ ಅವಧಿ ಹಾಗೇ ಮುಗಿದುಹೋಯಿತು.

ಟೆಲಿಫೋನಿನ ಕಥೆ ಸ್ವಲ್ಪ ತಮಾಷೆಯಾಗಿದೆ. ಫ್ಲಾರೆನ್ಸ್‌ನಿಂದ ಬಂದು ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ನೆಲೆಸಿದ್ದ ಆಂಟೋನಿಯೊ ಮೆಯುಚ್ಚಿ 1871ರಲ್ಲೇ ಮಾತು ಸಾಗಿಸುವ ಯಂತ್ರದ ಬಗ್ಗೆ ಪೇಟೆಂಟ್ ಕಚೇರಿಗೆ ಮುನ್ಸೂಚನೆ ಸಲ್ಲಿಸಿದ್ದರು. ನವೀಕರಣಕ್ಕೆ 10 ಡಾಲರ್ ಬೇಕಿತ್ತು. 1874ರ ನಂತರ ಅದು ಅವರಿಂದ ಆಗಲಿಲ್ಲ. 1876ರ ಮಾರ್ಚ್ 7ರಂದು ಪೇಟೆಂಟ್ ಸಿಕ್ಕಿದ್ದು ಗ್ರಹಾಂ ಬೆಲ್‌ಗೆ. 2002ರ ಜೂನ್ 11ರಂದು ಅಮೆರಿಕದ ಕೆಳಮನೆ ಮೆಯುಚ್ಚಿಯ ಕೆಲಸವನ್ನು ಗುರುತಿಸಬೇಕು ಎಂದು ನಿರ್ಣಯ ಮಾಡಿತು. ಅದನ್ನು ತಂದವರು ಸ್ಟೇಟನ್ ಐಲೆಂಡಿನದೇ ಪ್ರತಿನಿಧಿ. ಅಲ್ಲಿ ಇಟಲಿ ಮೂಲದ ಮತದಾರರು ಜಾಸ್ತಿ. ಹತ್ತು ದಿನಕ್ಕೆ ಕೆನಡಾದ ಸಂಸತ್ತು ‘ಟೆಲಿಫೋನ್ ಕಂಡುಹಿಡಿದದ್ದು ಬೆಲ್ಲೇ’ ಎಂದು ಉತ್ತರ ಕೊಟ್ಟಿತು. ಬೆಲ್ ಹುಟ್ಟಿದ್ದು ಸ್ಕಾಟ್ಲೆಂಡ್, ಮನೆ ಕೆನಡಾ, ಪೇಟೆಂಟ್ ಅಮೆರಿಕ. 1870ರ ದಶಕದಲ್ಲಿ ಏನು ನಡೆಯಿತು ಎಂಬುದನ್ನು 2002ರ ಸಂಸದರು ಕೈ ಎತ್ತಿ ತೀರ್ಮಾನ ಮಾಡಿದರು!

ವಿಮಾನಕ್ಕೆ ಬಂದರೆ ಇನ್ನೂ ವಿಚಿತ್ರ. ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಹಾರಿದರು, ಮೊದಲ ಹಾರಾಟ 12 ಸೆಕೆಂಡ್. ಬ್ರೆಜಿಲ್‌ನಲ್ಲಿ ಕೇಳಿ, ವಿಮಾನದ ಅಪ್ಪ ಸ್ಯಾಂಟೋಸ್ ಡುಮಾಂಟ್. ಅವರು 1906ರಲ್ಲಿ ಪ್ಯಾರಿಸ್ಸಿನಲ್ಲಿ, ಜನರ ಎದುರಿಗೆ, ಚಕ್ರದ ಮೇಲೆ ಓಡಿ ಎದ್ದರು. ರೈಟ್‌ಗಳ ವಿಮಾನಕ್ಕೆ ಚಕ್ರ ಇರಲಿಲ್ಲ, ಹಳಿಯ ಮೇಲಿಂದ ಜೋರು ಎದುರುಗಾಳಿಗೆ ಎದ್ದಿತು, ನೋಡಿದವರು ಬೆರಳೆಣಿಕೆ ಜನ. ಮತ್ತದೇ ಗೆರೆ. 2016ರ ರಿಯೊ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಬ್ರೆಜಿಲ್ ತನ್ನ ವಿಮಾನವನ್ನು ಜಗತ್ತಿಗೆ ಮತ್ತೆ ಹಾರಿಸಿ ತೋರಿಸಿತು.

ಅಮೆರಿಕದವರೇನು ಸಾಚಾ ಅಲ್ಲ. ಅಲ್ಲಿಯ ಸ್ಮಿತ್ಸೋನಿಯನ್ ಸಂಸ್ಥೆ ಬಹಳ ಕಾಲ ತನ್ನದೇ ಹಳೆಯ ಮುಖ್ಯಸ್ಥ ಲ್ಯಾಂಗ್ಲಿಯ ಯಂತ್ರವೇ ಹಾರಬಲ್ಲ ಮೊದಲ ವಿಮಾನ ಎನ್ನುತ್ತಿತ್ತು. ಬೇಸತ್ತ ಆರ್ವಿಲ್ ರೈಟ್ 1928ರಲ್ಲಿ ತಮ್ಮ ವಿಮಾನವನ್ನು ಲಂಡನ್ನಿನ ಮ್ಯೂಸಿಯಂಗೆ ಕಳಿಸಿಬಿಟ್ಟರು. 1942ರಲ್ಲಿ ಸಂಸ್ಥೆ ತಪ್ಪು ಒಪ್ಪಿಕೊಂಡಿತು. 1948ರಲ್ಲಿ ವಿಮಾನ ವಾಪಸ್ ಬಂತು, ಒಂದು ಡಾಲರ್‌ಗೆ. ಜೊತೆಗೊಂದು ಕರಾರು: ರೈಟ್‌ಗಳಿಗಿಂತ ಮೊದಲು ಬೇರೆ ವಿಮಾನ ಮನುಷ್ಯನನ್ನು ಹೊತ್ತು ಹಾರಿತ್ತು ಎಂದು ಸಂಸ್ಥೆ ಎಲ್ಲಾದರೂ ಹೇಳಿದರೆ ವಿಮಾನ ರೈಟ್ ವಾರಸುದಾರರ ಕೈಗೆ ಮರಳುತ್ತದೆ. ಇತಿಹಾಸ ಹೇಳುವ ಮ್ಯೂಸಿಯಂ ಇತಿಹಾಸದ ಬಗ್ಗೆಯೇ ಕರಾರು ಬರೆದುಕೊಟ್ಟಿದೆ. ರೈಟ್‌ಗಳೇ ಮೊದಲಿಗರು ಎನ್ನುವುದಕ್ಕೆ ಪುರಾವೆ ಬೇಕಾದಷ್ಟಿದೆ, ನನಗೆ ಅನುಮಾನವಿಲ್ಲ. ಆದರೂ ಇಂಥ ಕರಾರು ಇರಬಾರದಿತ್ತು.

ನಮ್ಮ ‘ವಿಮಾನ’ದ ಕಥೆಗೆ ದೂರ ಹೋಗಬೇಕಾಗಿಲ್ಲ, ಆನೇಕಲ್‌ಗೆ ಹೋದರೆ ಸಾಕು. ಭರದ್ವಾಜ ಋಷಿಯದು ಎನ್ನುವ ವೈಮಾನಿಕ ಶಾಸ್ತ್ರವನ್ನು ಹೇಳಿ ಬರೆಸಿದವರು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು, 1918ರಿಂದ 1923ರ ನಡುವೆ. ಇಂಗ್ಲಿಷ್ ಅನುವಾದದೊಂದಿಗೆ ಅದು 1973ರಲ್ಲಿ ಮೈಸೂರಿನಿಂದ ಹೊರಬಂತು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಹೋದ್ಯೋಗಿಗಳು ಅದನ್ನು ಕೈಗೆತ್ತಿಕೊಂಡರು. ಅವರು ನಗಾಡಿ ಬಿಡಲಿಲ್ಲ. ಶ್ಲೋಕಗಳ ಭಾಷೆ ನೋಡಿದರು, ಅದು ವೇದಕಾಲದ ಸಂಸ್ಕೃತ ಅಲ್ಲ. ಚಿತ್ರಗಳ ಜಾಡು ಹಿಡಿದರು, ಅವನ್ನು ಬರೆದದ್ದು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ಒಬ್ಬ ಡ್ರಾಫ್ಟ್ಸ್‌ಮನ್. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ಲೆಕ್ಕ ಹಾಕಿದರು, ಯಾವುದೂ ಹಾರುವಂಥದ್ದಲ್ಲ. ಪಠ್ಯ 1904ಕ್ಕಿಂತ ಹಳೆಯದಲ್ಲ ಎಂದು ಬರೆದರು. ಇಷ್ಟಾದರೂ 2015ರ ಜನವರಿಯಲ್ಲಿ ಮುಂಬೈ ವಿಜ್ಞಾನ ಸಮ್ಮೇಳನದ ಒಂದು ಗೋಷ್ಠಿಯಲ್ಲಿ ಅದೇ ವಿಮಾನಗಳು ಮತ್ತೆ ಹಾರಿದವು. ನಾಲ್ಕು ದಶಕದ ಹಿಂದೆ ನಮ್ಮೂರಲ್ಲೇ ಮುಗಿದಿದ್ದ ಪರೀಕ್ಷೆ ಅದು.

ಇದೇ ಬೆಂಗಳೂರಿನಲ್ಲಿ ವಿ.ಎಂ. ಘಾಟಗೆ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಸ್ವತಂತ್ರ ಭಾರತ ತಾನೇ ಚಿತ್ರ ಬರೆದು, ಕಟ್ಟಿ, ಹಾರಿಸಿದ ವಿಮಾನ. ನಮ್ಮ ಎಷ್ಟು ಶಾಲೆಯ ಮಕ್ಕಳಿಗೆ ಅದರ ಹೆಸರು ಗೊತ್ತು? ಪುಷ್ಪಕ ವಿಮಾನ ಎಲ್ಲರಿಗೂ ಗೊತ್ತು.

ಯುಎಸ್‌ಬಿ ಬಗ್ಗೆ ಎರಡೇ ಮಾತು. ವಡೋದರಾದಲ್ಲಿ ಓದಿದ ಅಜಯ್ ಭಟ್ ಇಂಟೆಲ್‌ನಲ್ಲಿ ಆ ಕೆಲಸಕ್ಕೆ ಮುಂದಾಳಾಗಿದ್ದದ್ದು ನಿಜ. 1996ರಲ್ಲಿ ಬಂದ ಆ ಮಾನದಂಡಕ್ಕೆ ಇಂಟೆಲ್ ಜೊತೆ ಮೈಕ್ರೋಸಾಫ್ಟ್, ಐಬಿಎಂ, ಕಾಂಪ್ಯಾಕ್, ಎನ್‌ಇಸಿ ಮುಂತಾದ ಕಂಪನಿಗಳು ಕೈ ಜೋಡಿಸಿದ್ದೂ ನಿಜ. ‘ಒಂದು ಪೈಸೆ ರಾಯಲ್ಟಿ ತಗೊಳ್ಳಲಿಲ್ಲ’ ಎಂದು ಅವರ ತ್ಯಾಗ ಹೊಗಳುತ್ತಾರೆ. ರಾಯಲ್ಟಿ ಬೇಡ ಎನ್ನುವುದು ಕಂಪನಿಯ ತೀರ್ಮಾನ. ಎಲ್ಲರೂ ಬಳಸಲಿ, ತನ್ನ ಚಿಪ್ ಜಾಸ್ತಿ ಮಾರಾಟವಾಗಲಿ ಎಂಬ ವ್ಯಾಪಾರದ ಬುದ್ಧಿ. 2009ರಲ್ಲಿ ಇಂಟೆಲ್ ಭಟ್ ಅವರನ್ನು ರಾಕ್ ಸ್ಟಾರ್ ಎಂದು ತೋರಿಸುವ ಜಾಹೀರಾತು ಮಾಡಿತು. ಅದರಲ್ಲಿ ಭಟ್ ಪಾತ್ರ ಮಾಡಿದ್ದು ಒಬ್ಬ ನಟ!

ಈವರೆಗೆ ಹೇಳಿದ್ದರಲ್ಲಿ ಹೆಚ್ಚಿನವು ಬರೀ ಮಾನ ಮರ್ಯಾದೆಯ ಜಗಳ. ದುಡ್ಡು, ಹಕ್ಕು ಸೇರಿಕೊಂಡಾಗ ಆಟ ಬದಲಾಗುತ್ತದೆ. ಅದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಅಡುಗೆಮನೆಯ ಅರಿಶಿನ. 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಗಾಯ ಮಾಯಿಸಲು ಅರಿಶಿನ ಬಳಸುವುದರ ಮೇಲೆ ಪೇಟೆಂಟ್ ಸಿಕ್ಕಿತು. ಅದರಲ್ಲಿ ಸಂಶೋಧಕರೆಂದು ಇದ್ದ ಇಬ್ಬರೂ ಭಾರತ ಮೂಲದವರು. ‘ಬಿಳಿಯರು ಕದ್ದರು’ ಎನ್ನುವ ಕಥೆಗೆ ಇದು ಸರಿಹೊಂದುವುದಿಲ್ಲ, ಅದಕ್ಕೇ ಇರಬೇಕು ಯಾರೂ ಅದನ್ನು ಹೇಳುವುದಿಲ್ಲ.

ಬಿದ್ದು ಮಂಡಿ ತರಚಿಕೊಂಡ ಮಗುವಿಗೆ ಅರಿಶಿನ ಹಚ್ಚದ ಅಜ್ಜಿ ನಮ್ಮಲ್ಲಿ ಇದ್ದಾರಾ? ಆದರೆ ಆಗಿನ ಅಮೆರಿಕದ ಕಾನೂನಿನ ಪ್ರಕಾರ ಹೊರದೇಶದಲ್ಲಿ ಜನ ಬಳಸುತ್ತಿದ್ದರು ಎಂಬುದು ಲೆಕ್ಕಕ್ಕೇ ಇರಲಿಲ್ಲ. ಎಲ್ಲಾದರೂ ಅಚ್ಚಾಗಿರಬೇಕಿತ್ತು. ಆರ್.ಎ. ಮಾಶೇಲ್ಕರ್ ಮುಖ್ಯಸ್ಥರಾಗಿದ್ದ, ಕೇಂದ್ರ ಸರ್ಕಾರದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ 32 ದಾಖಲೆ ಹುಡುಕಿ ಮುಂದಿಟ್ಟಿತು. ಹಳೆಯ ಸಂಸ್ಕೃತ ಗ್ರಂಥಗಳ ಜೊತೆ 1953ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಲೇಖನವೂ ಅದರಲ್ಲಿತ್ತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಭಾಷಣದಿಂದ ಗೆದ್ದದ್ದಲ್ಲ ಇದು, ಹಾಳೆಯಿಂದ ಗೆದ್ದದ್ದು. ಆಮೇಲೆ 2001ರಲ್ಲಿ ನಮ್ಮ ಔಷಧ ಜ್ಞಾನವನ್ನೆಲ್ಲ ಪೇಟೆಂಟ್ ಕಚೇರಿಗಳಿಗೆ ಅರ್ಥವಾಗುವ ಭಾಷೆಗಳಲ್ಲಿ ದಾಖಲಿಸುವ ಡಿಜಿಟಲ್ ಭಂಡಾರ ಶುರುವಾಯಿತು. ಮೆಯುಚ್ಚಿಗೂ ಬೋಸರಿಗೂ ತಪ್ಪಿದ್ದು ಇದೇ ದಾರಿ: ಒಬ್ಬರಿಗೆ ಕಟ್ಟಲು ದುಡ್ಡಿರಲಿಲ್ಲ, ಇನ್ನೊಬ್ಬರಿಗೆ ಕಟ್ಟಿಕೊಳ್ಳುವ ಮನಸ್ಸಿರಲಿಲ್ಲ.

ದಾಖಲೆ ಬಾವಿಯಲ್ಲೂ ಸಿಗುತ್ತದೆ. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರು ನಗರದ ಹಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕವು. ಹೈದರ್, ಟಿಪ್ಪು ಕಾಲದವು. ರಾಕೆಟ್ಟನ್ನೇ ಮೈಸೂರಿನವರು ಕಂಡುಹಿಡಿದರು ಎನ್ನುವುದು ತಪ್ಪು, ಅದು ಚೀನಾದಿಂದ ಬಂದದ್ದು. ಮದ್ದನ್ನು ಕಬ್ಬಿಣದ ಕೊಳವೆಗೆ ತುಂಬಿದ್ದು ಮೈಸೂರಿನ ಕೆಲಸ. ಬಿದಿರು, ಕಾಗದ ತಡೆಯದ ಒತ್ತಡವನ್ನು ಕಬ್ಬಿಣ ತಡೆಯುತ್ತದೆ, ರಾಕೆಟ್ ಜಾಸ್ತಿ ದೂರ ಹೋಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಇಂಗ್ಲೆಂಡಿಗೆ ಹೋದವು, ವಿಲಿಯಂ ಕಾಂಗ್ರೀವ್ ಅವನ್ನು ನೋಡಿ ತನ್ನ ರಾಕೆಟ್ ಮಾಡಿದ. ಅಬ್ದುಲ್ ಕಲಾಂ ನಾಸಾದ ವಾಲಪ್ಸ್ ಕೇಂದ್ರದಲ್ಲಿ ಈ ಯುದ್ಧದ ಚಿತ್ರ ನೋಡಿ ಬೆರಗಾಗಿದ್ದರು. ಇಲ್ಲಿ ಮಾತ್ರ ಟಿಪ್ಪು ಇಷ್ಟವಾದವರು ರಾಕೆಟ್ಟೇ ಅವನದು ಎನ್ನುತ್ತಾರೆ, ಆಗದವರು ಅದರಲ್ಲೇನೂ ಇಲ್ಲ ಎನ್ನುತ್ತಾರೆ. ಆ ಕೊಳವೆ ಬಡಿದ ಕಮ್ಮಾರರ ಹೆಸರು ಇಬ್ಬರಿಗೂ ಬೇಕಿಲ್ಲ.

ಈಗಿನ ಜಗಳಗಳೆಲ್ಲ ಜಿಐ ಟ್ಯಾಗಿನ, ಅಂದರೆ ಭೌಗೋಳಿಕ ಗುರುತಿನ ಸುತ್ತ. ಜಿಐ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದೇ ಹೆಚ್ಚಿನವರಿಗೆ ಗೊತ್ತಿಲ್ಲ. ಇಂಥ ಊರಿನ ಇಂಥ ಸಾಮಾನನ್ನು ಈ ಹೆಸರಿನಲ್ಲಿ ಇವರು ಮಾರಬಹುದು ಎನ್ನುತ್ತದೆ, ಅಷ್ಟೇ. ಮೊದಲು ಮಾಡಿದ್ದು ಯಾರು ಎಂದು ಅದು ಹೇಳುವುದಿಲ್ಲ. 2017ರಲ್ಲಿ ‘ಬಾಂಗ್ಲಾರ್ ರಸಗುಲ್ಲ’ಕ್ಕೆ ಜಿಐ ಸಿಕ್ಕಾಗ ಬಂಗಾಳ ಹಬ್ಬ ಮಾಡಿತು. 2019ರಲ್ಲಿ ‘ಒಡಿಶಾ ರಸಗೋಲ’ಕ್ಕೂ ಸಿಕ್ಕಿತು. ಎರಡೂ ನಡೆಯುತ್ತವೆ. ಅದೇ ವರ್ಷ ಮೈಸೂರು ಪಾಕ್ ತಮಿಳುನಾಡಿನ ಪಾಲಾಯಿತು ಎಂಬ ಒಂದು ಟ್ವಿಟರ್ ತಮಾಷೆಯನ್ನು ಕೆಲವು ಚಾನೆಲ್‌ಗಳು ಸುದ್ದಿಯೆಂದೇ ಓದಿದವು. ನಮ್ಮವರು ಕೆಂಡಾಮಂಡಲ ಆದರು.

2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ಶೋದಲ್ಲಿ ಇಟಲಿಯ ಪ್ರಾಡಾ ಕಂಪನಿಯ ಮಾಡೆಲ್‌ಗಳು ಥೇಟ್ ಕೊಲ್ಹಾಪುರಿ ಚಪ್ಪಲಿ ಹಾಕಿಕೊಂಡು ನಡೆದರು. ಭಾರತದ ಹೆಸರೇ ಇರಲಿಲ್ಲ. ದೇಶಕ್ಕೆ ದೇಶವೇ ರೇಗಿತು. ಕಂಪನಿ ಒಪ್ಪಿಕೊಂಡಿತು, ಇದಕ್ಕೆ ಭಾರತದ ಕರಕುಶಲವೇ ಸ್ಫೂರ್ತಿ ಎಂದಿತು. ಕಾನೂನಿನಲ್ಲಿ ಅದನ್ನು ಹಿಡಿಯುವುದು ಕಷ್ಟವಿತ್ತು. ಜಿಐ ಕಾಯುವುದು ಹೆಸರನ್ನು, ಪ್ರಾಡಾ ಆ ಹೆಸರು ಬಳಸಿರಲಿಲ್ಲ. ನಮ್ಮ ಜಿಐ ಕಾನೂನು ನಡೆಯುವುದೂ ನಮ್ಮ ದೇಶದಲ್ಲಿ. ಬಾಂಬೆ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಜುಲೈನಲ್ಲಿ ವಜಾ ಆಯಿತು.

ಇಟಲಿ ಜೊತೆಗಿನ ಜಗಳ ತಣ್ಣಗಾಗುವ ಮೊದಲೇ ಮನೆಯೊಳಗಿನದು ಎದ್ದಿತು. ಟಿವಿಯಲ್ಲೆಲ್ಲ ‘ಮಹಾರಾಷ್ಟ್ರದ ಹೆಮ್ಮೆ’. ಆದರೆ 2019ರ ಹೊತ್ತಿಗೆ ಬಂದ ಈ ಚಪ್ಪಲಿಯ ಜಿಐ ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯಗಳದ್ದು. ಆ ಕಡೆ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ಈ ಕಡೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಅರ್ಜಿ ಹಾಕಿದ್ದು ಎರಡೂ ಕಡೆಯ ಸರ್ಕಾರಿ ಚರ್ಮೋದ್ಯಮ ನಿಗಮಗಳು, ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ನಮ್ಮ ಲಿಡ್ಕರ್, ಒಟ್ಟಿಗೆ. ಸಚಿವ ಪ್ರಿಯಾಂಕ್ ಖರ್ಗೆ ಆಗ ಇದನ್ನೇ ನೆನಪಿಸಿದರು: ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕುಟುಂಬಗಳು ತಲೆಮಾರುಗಳಿಂದ ಇದನ್ನು ಮಾಡುತ್ತಿವೆ, ಹತ್ತಿರದ ಕೊಲ್ಹಾಪುರದ ಪೇಟೆಯಲ್ಲಿ ಮಾರುತ್ತಿದ್ದವು, ಪೇಟೆಯ ಹೆಸರೇ ಬ್ರ್ಯಾಂಡ್ ಆಯಿತು ಎಂದು. ನನಗೆ ಇದು ಸರಿಯಾದ ಮಾತು ಅನಿಸುತ್ತದೆ.

ಆದರೆ ಕರ್ನಾಟಕದ ಪಾಲು ಕೇಳಿದ ನಾವು ಆ ಮನೆಗಳೊಳಗೆ ಇಣುಕಿ ನೋಡಿದ್ದೇವಾ? ಜಾಲಿ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ನೆನೆದು ಹದವಾದ ತೊಗಲು. ಅಡಿ ಕೊಯ್ಯುವುದು, ಬಡಿಯುವುದು ಹೆಚ್ಚಾಗಿ ಗಂಡಸರ ಕೆಲಸ. ಮೇಲಿನ ಹೆಣಿಗೆ, ತೊಗಲ ದಾರದ ಹೊಲಿಗೆ ಹೆಂಗಸರದ್ದು. ಮೊಳೆ ಹೊಡೆಯುವುದಿಲ್ಲ. ನಾವು ಹೆಮ್ಮೆ ಪಡುವ ಈ ಕಸುಬನ್ನು ಮಾಡುವವರನ್ನು ಊರು ಶತಮಾನಗಳ ಕಾಲ ಹೊರಗಿಟ್ಟಿತ್ತು. ಚಪ್ಪಲಿ ರಾಷ್ಟ್ರದ ಹೆಮ್ಮೆ ಆದದ್ದು ಮಿಲಾನ್‌ನಲ್ಲಿ ನಡೆದಾಡಿದ ಮೇಲೆ.

2025ರ ಡಿಸೆಂಬರ್‌ನಲ್ಲಿ ಪ್ರಾಡಾ, ಲಿಡ್‌ಕಾಮ್ ಮತ್ತು ಲಿಡ್ಕರ್ ನಡುವೆ ಒಪ್ಪಂದ ಆಯಿತು. ಎರಡೂ ರಾಜ್ಯಗಳಲ್ಲಿ ಸುಮಾರು 2,000 ಜೋಡಿ ತಯಾರಿ, ಜೋಡಿಗೆ ಹತ್ತಿರಹತ್ತಿರ 800 ಯೂರೋ. ಕುಶಲಕರ್ಮಿಗಳಿಗೆ ತರಬೇತಿಯ ಮಾತೂ ಅದರಲ್ಲಿದೆ. ರೇಗಾಟದಿಂದ ಇಷ್ಟಾದರೂ ಸಿಕ್ಕಿತು, ಅದನ್ನು ಒಪ್ಪಬೇಕು. ಇನ್ನು ಕೇಳಬೇಕಾದ ಪ್ರಶ್ನೆಗಳು ಸಣ್ಣವು, ಬೇಸರ ತರಿಸುವಂಥವು. ಆ 2,000ದಲ್ಲಿ ಅಥಣಿ ಕಡೆಗೆ ಬಂದದ್ದೆಷ್ಟು? ಜೋಡಿಗೆ ಕೂಲಿ ಎಷ್ಟು? ದಲ್ಲಾಳಿ ನಡುವೆ ಇದ್ದಾನಾ? ಜಿಐ ಹೆಸರು ಬಳಸಲು ಅಧಿಕೃತವಾಗಿ ನೋಂದಾಯಿಸಿಕೊಂಡ ಕುಟುಂಬಗಳು ಯಾವುವು?

ಮಹಾರಾಷ್ಟ್ರದ ಲಿಡ್‌ಕಾಮ್ 2025ರಲ್ಲೇ ಚಪ್ಪಲಿಗಳಿಗೆ ಕ್ಯೂಆರ್ ಕೋಡ್ ಹಾಕುವ ವ್ಯವಸ್ಥೆ ತಂದಿತು. ಸ್ಕ್ಯಾನ್ ಮಾಡಿದರೆ ಮಾಡಿದವರು ಯಾರು, ಯಾವ ಜಿಲ್ಲೆ, ಹೇಗೆ ಮಾಡಿದ್ದು ಎಂಬುದು ಕಾಣಿಸುತ್ತದೆ. ಬೆಳಗಾವಿ ಸೀಮೆಯ ಪ್ರತಿ ಜೋಡಿಗೂ ಅದು ಬೇಕು, ನಮ್ಮ ಲಿಡ್ಕರ್ ಅದನ್ನು ನೋಡಿಕೊಳ್ಳಬೇಕು. ಆ ಕೋಡಿನಲ್ಲಿ ಕಾಣುವುದು ಹೆಣೆದ ಹೆಂಗಸಿನ ಹೆಸರೋ, ಮನೆ ಯಜಮಾನನ ಹೆಸರೋ ಎನ್ನುವುದು ಅದಾದ ಮೇಲಿನ ಜಗಳ.